ತಿಳಿನೀರೆಲ್ಲ ಶುದ್ಧಜಲವೇ?

ಕನ್ನಡದಲ್ಲಿ ‘ತಿಳಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕೆಸರು ಕೆಳಗಿಳಿದು ನಿರ್ಮಲವಾದ ನೀರು ತಿಳಿನೀರು. ಅರಿಯದಿದ್ದ ಸಂಗತಿಯನ್ನು ಅರಿತುಕೊಳ್ಳುವುದು ತಿಳಿಯುವುದು. ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ಸೊಗಸೇ ಸರಿ. ಆದರೆ ಕುಡಿಯುವ ನೀರಿನ ವಿಷಯದಲ್ಲಿ ಇವೆರಡನ್ನೂ ಒಂದೆಂದು ಭ್ರಮಿಸಿದರೆ ಮೋಸಹೋಗುವೆವು. ನೀರು ತಿಳಿಯಾಗಿದ್ದ ಮಾತ್ರಕ್ಕೆ ಅದರ ಗುಣವು ನಮಗೆ ತಿಳಿದಂತಾಗಲಿಲ್ಲ. ಸ್ಫಟಿಕದಂತೆ ಹೊಳೆಯುವ ಒಂದು ಲೋಟ ನೀರಿನಲ್ಲಿ ವಿಷಮಶೀತಜ್ವರದ ರೋಗಾಣುಗಳು ಸಾವಿರಗಟ್ಟಲೆ ಇರಬಹುದು. ತುಸು ಕಂದುಬಣ್ಣದ ಇನ್ನೊಂದು ಲೋಟದ ನೀರು ಕೇವಲ ಕೊಳವೆಯ ತುಕ್ಕಿನಿಂದ ಬಣ್ಣಗೆಟ್ಟಿದ್ದು, ಆರೋಗ್ಯಕ್ಕೆ ಅಷ್ಟಾಗಿ ಕೇಡುಮಾಡದೆ ಇರಬಹುದು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ನೀರಿನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸೂತ್ರವು ದೊರೆಯಲಾರದು.

ಇದು ಕೇವಲ ಪಠ್ಯಪುಸ್ತಕದ ವಿಚಾರವಲ್ಲ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ತರಗತಿಯ ಹಾಜರಿ ಪುಸ್ತಕವನ್ನು ತೆರೆದು ನೋಡುವ ಶಿಕ್ಷಕರಿಗೆಲ್ಲ ಇದರ ಅನುಭವವುಂಟು. ಒಬ್ಬನಿಗೆ ವಾಂತಿಭೇದಿ, ಇನ್ನೊಬ್ಬಳಿಗೆ ಕಾಮಾಲೆ, ಮತ್ತೊಬ್ಬನಿಗೆ ಇಪ್ಪತ್ತು ದಿನಗಳ ಜ್ವರ. ಹೀಗೆ ಒಂದೊಂದು ಹೆಸರಿನ ಮುಂದೆಯೂ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತವೆ. ಕಾಯಿಲೆ ಬಿದ್ದ ಹುಡುಗನು ಪಾಠವನ್ನು ಮಾತ್ರ ಕಳೆದುಕೊಳ್ಳುವುದಿಲ್ಲ. ದಿನಗೂಲಿಯ ಮನೆಯಲ್ಲಿ ತಾಯಿಯೋ ತಂದೆಯೋ ಅವನ ಬಳಿ ಕುಳಿತು ಕೂಲಿಯನ್ನೂ ಕಳೆದುಕೊಳ್ಳಬೇಕಾಗುತ್ತದೆ. ಈ ಕಾಯಿಲೆಗಳಲ್ಲಿ ಬಹುಪಾಲು ನೀರಿನ ಮೂಲಕ ಬರತಕ್ಕವು. ಆದ್ದರಿಂದ ನೀರನ್ನು ಮೊದಲೇ ಪರೀಕ್ಷಿಸಿ ತಡೆಯಬಹುದಾದವು.

ನಮ್ಮ ನೀರು ಎಲ್ಲಿಂದ ಬರುತ್ತದೆ?

ಪರೀಕ್ಷೆಯ ಮಾತಿಗೆ ಮೊದಲು ನೀರಿನ ಪ್ರಯಾಣವನ್ನು ಅರಿಯಬೇಕು. ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳ ನಲ್ಲಿಗಳಲ್ಲಿ ಹರಿಯುವ ನೀರು ಬಹುಮಟ್ಟಿಗೆ ಸಹ್ಯಾದ್ರಿಯ ಮಳೆನೀರು. ಉಲ್ಹಾಸ ನದಿಯು ಘಟ್ಟದಲ್ಲಿ ಹುಟ್ಟಿ, ಕರ್ಜತ, ಬದಲಾಪುರಗಳನ್ನು ದಾಟಿ, ಕಲ್ಯಾಣದ ಮಗ್ಗುಲಲ್ಲಿ ಹರಿದು ಸಮುದ್ರದ ಕಡೆಗೆ ಹೋಗುತ್ತದೆ. ಅದರ ಉಪನದಿಯಾದ ಬಾರವಿಗೆ ಬದಲಾಪುರದ ಬಳಿ ಅಣೆಕಟ್ಟನ್ನು ಕಟ್ಟಿದ್ದಾರೆ. ಕಲ್ಯಾಣ–ಡೊಂಬಿವಲಿಗಳಿಗೆ ಬೇಕಾದ ನೀರನ್ನು ಉಲ್ಹಾಸ ನದಿಯಿಂದ ಎತ್ತುತ್ತಾರೆ. ಶಹಾಡದಲ್ಲಿ ಎತ್ತಿ ಟೆಮ್‌ಘರದಲ್ಲಿ ಶುದ್ಧಿಮಾಡಿದ ನೀರು ಥಾಣೆ, ಭಿವಂಡಿಗಳ ಕಡೆಗೆ ಹೋಗುತ್ತದೆ. ಥಾಣೆಗೆ ಭಾತ್ಸಾ ನದಿಯ ನೀರೂ ಉಂಟು. ನವಿಮುಂಬಯಿಯ ಮಹಾನಗರಪಾಲಿಕೆಗೆ ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನಲ್ಲಿ, ಧಾವರಿ ನದಿಯ ಮೇಲೆ, ಮೋರ್ಬೆ ಎಂಬ ಸ್ವಂತ ಅಣೆಕಟ್ಟೇ ಇದೆ.

ನದಿಯ ನೀರನ್ನು ಹಾಗೆಯೇ ನಮಗೆ ಕಳುಹಿಸುವುದಿಲ್ಲ. ಶುದ್ಧೀಕರಣ ಕೇಂದ್ರದಲ್ಲಿ ಮೊದಲು ಪಟಿಕದ ದ್ರಾವಣವನ್ನು ಬೆರೆಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಮಣ್ಣಿನ ಕಣಗಳು ಇದರಿಂದ ಒಂದಕ್ಕೊಂದು ಅಂಟಿ, ದೊಡ್ಡ ಹರಳೆಗಳಾಗಿ, ತಳಕ್ಕಿಳಿಯುತ್ತವೆ. ಬಳಿಕ ನೀರನ್ನು ಮರಳಿನ ಪದರಗಳ ಮೂಲಕ ಸೋಸುತ್ತಾರೆ. ಕೊನೆಗೆ ಕ್ಲೋರಿನ್ ಅನಿಲವನ್ನು ಸೇರಿಸಿ ಉಳಿದ ರೋಗಾಣುಗಳನ್ನು ಕೊಲ್ಲುತ್ತಾರೆ. ರೋಗಾಣುಗಳನ್ನು ಕೊಂದ ಮೇಲೆಯೂ ಸ್ವಲ್ಪ ಕ್ಲೋರಿನ್ ನೀರಿನಲ್ಲಿ ಉಳಿಯುವಂತೆ ಲೆಕ್ಕಹಾಕಿ ಸೇರಿಸುವುದು ಪದ್ಧತಿ. ಈ ಉಳಿಕೆಯ ಕ್ಲೋರಿನ್ನು ದಾರಿಯುದ್ದಕ್ಕೂ ನೀರಿನ ಅಂಗರಕ್ಷಕನಿದ್ದಂತೆ. ಇದನ್ನು ನೆನಪಿನಲ್ಲಿಡಬೇಕು, ಮುಂದೆ ಪರೀಕ್ಷೆಗೆ ಇದೇ ಆಧಾರ.

ಕೇಡು ಸೇರುವ ಬಗೆ

ಕೇಂದ್ರದಿಂದ ಶುದ್ಧವಾಗಿ ಹೊರಟ ನೀರು ನಮ್ಮ ಲೋಟವನ್ನು ಸೇರುವಷ್ಟರಲ್ಲಿ ಅನೇಕ ಮೈಲಿ ನೆಲದೊಳಗೆ ಸಾಗಬೇಕು. ಅಲ್ಲಲ್ಲಿ ಕೊಳವೆಗಳು ಹಳೆಯವು. ಎಷ್ಟೋ ಓಣಿಗಳಲ್ಲಿ ಸಣ್ಣ ಕೊಳವೆಗಳು ಚರಂಡಿಯ ಪಕ್ಕದಲ್ಲಿ, ಒಮ್ಮೊಮ್ಮೆ ಚರಂಡಿಯ ನಡುವೆಯೇ ಹಾದುಹೋಗುತ್ತವೆ. ಇಲ್ಲಿ ಒಂದು ಸಂದೇಹ ಬರಬಹುದು: ಕೊಳವೆಯಲ್ಲಿ ಬಿರುಕಿದ್ದರೆ ಒಳಗಿನ ನೀರು ಹೊರಕ್ಕೆ ಸೋರಬೇಕಷ್ಟೆ, ಹೊರಗಿನ ಕೊಚ್ಚೆ ಒಳಕ್ಕೆ ಬರುವುದು ಹೇಗೆ?

ಉತ್ತರವು ಒತ್ತಡದಲ್ಲಿದೆ. ನೀರು ರಭಸದಿಂದ ಬರುತ್ತಿರುವಾಗ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು. ಆದ್ದರಿಂದ ನೀರು ಹೊರಕ್ಕೆ ಸೋರುತ್ತದೆ. ಆದರೆ ನಮ್ಮ ಊರುಗಳಲ್ಲಿ ನೀರು ಹಗಲಿರುಳೂ ಬರುವುದು ಅಪರೂಪ. ಗೊತ್ತಾದ ಗಂಟೆಗಳು ಮುಗಿದೊಡನೆ ಕೊಳವೆಯು ಬರಿದಾಗುತ್ತ ಬರುತ್ತದೆ. ಒಳಗಿನ ಒತ್ತಡ ಕುಸಿಯುತ್ತದೆ. ಆಗ ಅದೇ ಬಿರುಕಿನ ಮೂಲಕ ಹೊರಗಿನ ಕೊಚ್ಚೆ ಒಳಕ್ಕೆ ಇಳಿಯುತ್ತದೆ. ಮಾರನೆಯ ದಿನ ನೀರು ಬಿಟ್ಟಾಗ ಮೊದಲು ನಮ್ಮ ಕೊಡವನ್ನು ಸೇರುವುದು ಆ ಕೊಚ್ಚೆ ಬೆರೆತ ನೀರೇ. ಕೆಲವರು ಹೆಚ್ಚು ನೀರಿನ ಆಸೆಯಿಂದ ಬೀದಿಯ ಕೊಳವೆಗೆ ನೇರವಾಗಿ ಪಂಪನ್ನು ಜೋಡಿಸಿ ಎಳೆಯುತ್ತಾರೆ. ಆ ಪಂಪು ನೀರಿನೊಡನೆ ನೆರೆಯ ಚರಂಡಿಯನ್ನೂ ಎಳೆದು, ತನಗೂ ಅಕ್ಕಪಕ್ಕದವರಿಗೂ ಹಂಚುತ್ತದೆ.

ಕಟ್ಟಡದ ಒಳಗೆ ಬಂದ ಮೇಲೂ ಅಪಾಯ ಮುಗಿಯಲಿಲ್ಲ. ನೀರು ಮೊದಲು ನೆಲತೊಟ್ಟಿಯಲ್ಲಿ ಬೀಳುತ್ತದೆ. ಅಲ್ಲಿಂದ ಮಾಳಿಗೆಯ ಮೇಲಿನ ಟಾಂಕಿಗೆ ಏರುತ್ತದೆ. ನೆಲತೊಟ್ಟಿಯ ಮುಚ್ಚಳ ನೆಲಮಟ್ಟದಲ್ಲಿದ್ದರೆ ಮಳೆಗಾಲದ ಅಂಗಳದ ನೀರು ಅದರೊಳಗೆ ಇಳಿಯುವುದು ಸಹಜ. ಮೇಲಿನ ಟಾಂಕಿಗೆ ಮುಚ್ಚಳವಿಲ್ಲದಿದ್ದರೆ ಪಾರಿವಾಳಗಳು ಅಲ್ಲಿ ನೆಲೆಸುತ್ತವೆ. ಇಷ್ಟರಲ್ಲಿ ಕ್ಲೋರಿನ್ನಿನ ಶಕ್ತಿಯೂ ಕುಂದಿರುತ್ತದೆ. ಕಡೆಯದಾಗಿ, ಮನೆಯ ಕೊಡದೊಳಗೆ ಬೆರಳುಗಳನ್ನು ಅದ್ದಿ ತಂಬಿಗೆಯಿಂದ ನೀರು ಮೊಗೆಯುವ ಅಭ್ಯಾಸವೂ ಉಂಟು. ನದಿಯಿಂದ ತುಟಿಯವರೆಗಿನ ಈ ದಾರಿಯಲ್ಲಿ ಯಾವ ಮಜಲಿನಲ್ಲಿ ನೀರು ಕೆಟ್ಟಿತೆಂಬುದನ್ನು ಕಂಡುಹಿಡಿಯುವುದೇ ಪರೀಕ್ಷೆಯ ಉದ್ದೇಶ.

ಎರಡು ಬಗೆಯ ಕಲ್ಮಷಗಳು

ನೀರಿನಲ್ಲಿರುವ ಹಾನಿಕರ ವಸ್ತುಗಳನ್ನು ಎರಡು ಗುಂಪುಮಾಡಬಹುದು: ಜೀವವುಳ್ಳವು, ಜೀವವಿಲ್ಲದವು. ಬ್ಯಾಕ್ಟೀರಿಯ, ವೈರಸ್, ಆಮಶಂಕೆಯನ್ನುಂಟುಮಾಡುವ ಅಮೀಬ ಮುಂತಾದವು ಮೊದಲನೆಯ ಗುಂಪಿನವು. ಫ್ಲೋರೈಡು, ಆರ್ಸೆನಿಕ್, ಸೀಸ, ನೈಟ್ರೇಟು ಮುಂತಾದವು ಎರಡನೆಯ ಗುಂಪಿಗೆ ಸೇರಿದವು. ಮೊದಲನೆಯವು ಕೆಲವು ಗಂಟೆಗಳಲ್ಲಿಯೋ ವಾರಗಳಲ್ಲಿಯೋ ಮನುಷ್ಯನನ್ನು ಕೆಡವುತ್ತವೆ. ಎರಡನೆಯವು ಸಾಮಾನ್ಯವಾಗಿ ವರ್ಷಾನುಗಟ್ಟಲೆ ಮೌನವಾಗಿ ದೇಹವನ್ನು ಸವೆಸುತ್ತವೆ.

ಮೊದಲನೆಯ ಗುಂಪಿನ ಭೀಕರತೆಯನ್ನು ಲೋಕವು ಕಷ್ಟಪಟ್ಟು ಕಲಿಯಿತು. ೧೮೫೪ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಮುತ್ತ ಕಾಲರಾ ಹಬ್ಬಿ ಕೆಲವೇ ವಾರಗಳಲ್ಲಿ ಆರುನೂರಕ್ಕೂ ಮಿಕ್ಕಿ ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿದರು. ಅವರಲ್ಲಿ ಬಹುಮಂದಿ ಒಂದೇ ಕೈಪಂಪಿನ ನೀರನ್ನು ಕುಡಿದಿದ್ದರು. ಆ ನೀರು ನೋಟಕ್ಕೆ ಅಷ್ಟೇನೂ ಕೆಟ್ಟಿರಲಿಲ್ಲ! ಸ್ನೋ ಅವರ ಮಾತಿನ ಮೇಲೆ ಆ ಪಂಪಿನ ಹಿಡಿಯನ್ನು ಕಳಚಿಹಾಕಿದರು. ಕಾಲರಾದ ರೋಗಾಣು ಆಗ ವೈದ್ಯಲೋಕಕ್ಕೆ ಪರಿಚಿತವಾಗಿರಲಿಲ್ಲ. ಮೂವತ್ತು ವರ್ಷಗಳ ಮೇಲೆ, ೧೮೮೪ರಲ್ಲಿ, ಜರ್ಮನಿಯ ರಾಬರ್ಟ್ ಕೋಖ್ ನಮ್ಮ ಕಲಕತ್ತೆಗೆ ಬಂದು, ಜನರು ಕುಡಿಯುತ್ತಿದ್ದ ಕೆರೆಯ ನೀರಿನಲ್ಲಿಯೇ ಅದನ್ನು ಕಂಡರು.

ನಮ್ಮ ದೇಶದಲ್ಲಿಯೂ ದೊಡ್ಡದೊಂದು ಪಾಠ ನಡೆಯಿತು. ೧೯೫೫ರ ಕೊನೆಯಲ್ಲಿ ದೆಹಲಿಯ ಯಮುನಾ ನದಿಯಲ್ಲಿ ಚರಂಡಿಯ ನೀರು ಹಿಮ್ಮರಳಿ, ವಜೀರಾಬಾದಿನಲ್ಲಿ ನಗರಕ್ಕೆ ನೀರೆತ್ತುವ ಸ್ಥಳವನ್ನು ಸೇರಿತು. ಅಧಿಕಾರಿಗಳು ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ವಿಷಮಶೀತಜ್ವರವಾಗಲಿ ಆಮಶಂಕೆಯಾಗಲಿ ಹೆಚ್ಚಲಿಲ್ಲ. ಆದರೆ ಮುಂದಿನ ಕೆಲವು ವಾರಗಳಲ್ಲಿ ಸುಮಾರು ೨೯,೦೦೦ ಜನರಿಗೆ ಕಾಮಾಲೆ ಬಂದಿತು. ಬ್ಯಾಕ್ಟೀರಿಯಗಳು ಸತ್ತರೂ ವೈರಸ್ ಉಳಿದುಕೊಂಡಿತ್ತು. ಅದು ಇಂದು ‘ಹೆಪಟೈಟಿಸ್ ಇ’ ಎಂದು ಕರೆಯುವ ಕಾಮಾಲೆಯೆಂದು ದಶಕಗಳ ಮೇಲೆ ಗೊತ್ತಾಯಿತು. ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರು ಎಲ್ಲ ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಇವೆಲ್ಲ ಹಳೆಯ ಕಥೆಗಳೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು. ೨೦೨೨ರ ಬೇಸಗೆಯಲ್ಲಿ ರಾಯಚೂರು ನಗರದಲ್ಲಿಯೂ, ೨೦೨೩ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿಯೂ ಕಲುಷಿತವಾದ ನಲ್ಲಿನೀರನ್ನು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ನಮ್ಮಲ್ಲಿ ಎಷ್ಟೋ ಮಕ್ಕಳ ಅಜ್ಜ ಅಜ್ಜಿಯರು ಆ ಸೀಮೆಗಳಲ್ಲಿದ್ದಾರೆ.

ಎರಡನೆಯ ಗುಂಪಿನ ಮಾತನ್ನೂ ಮರೆಯುವಂತಿಲ್ಲ. ಅಂಬರನಾಥ, ಬದಲಾಪುರ, ಡೊಂಬಿವಲಿಗಳಲ್ಲಿ ರಾಸಾಯನಿಕ ಕಾರ್ಖಾನೆಗಳಿವೆ. ಅಂಬರನಾಥ, ಉಲ್ಹಾಸನಗರಗಳ ನಡುವೆ ಹರಿಯುವ ವಾಲ್ಧುನಿ ನದಿಯಲ್ಲಿ ೨೦೧೪ರ ನವೆಂಬರಿನಲ್ಲಿ ಯಾರೋ ಸುರಿದ ರಾಸಾಯನಿಕದ ಹಬೆಯಿಂದ ನೂರಾರು ಜನ ಅಸ್ವಸ್ಥರಾದುದು ಪತ್ರಿಕೆಗಳಲ್ಲಿ ಬಂದಿತ್ತು. ಇಂತಹ ನದಿಯ ದಂಡೆಯಲ್ಲಿ ಕೊಳವೆಬಾವಿಯನ್ನು ತೋಡಿದವರು ಅದರ ನೀರನ್ನು ಪರೀಕ್ಷೆ ಮಾಡಿಸದೆ ಬಾಯಿಗೆ ಹಾಕತಕ್ಕದ್ದಲ್ಲ. ಖಾಡಿಯ ದಂಡೆಯಲ್ಲಿರುವ ಭಾಗಗಳಲ್ಲಿ ಕೊಳವೆಬಾವಿಗೆ ಸಮುದ್ರದ ಉಪ್ಪು ಸೇರುವ ಸಂಭವವೂ ಉಂಟು.

ಪರೀಕ್ಷೆಗಳು: ಯಾವುದು ಏನನ್ನು ಹೇಳುತ್ತದೆ?

ನೀರಿನ ಪರೀಕ್ಷೆಯೆಂದರೆ ನೀರಿಗೆ ಪ್ರಶ್ನೆ ಕೇಳುವುದು. ಒಂದೊಂದು ಪರೀಕ್ಷೆಯೂ ಒಂದೊಂದು ಪ್ರಶ್ನೆ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರುತ್ತದೆ. ಉತ್ತರವನ್ನು ಅಳೆಯಲು ಭಾರತೀಯ ಮಾನಕ ಸಂಸ್ಥೆಯು ‘ಐ.ಎಸ್. ೧೦೫೦೦’ ಎಂಬ ಮಾನದಂಡವನ್ನು ಗೊತ್ತುಪಡಿಸಿದೆ. ಅದನ್ನು ೨೦೧೨ರಲ್ಲಿ ಪರಿಷ್ಕರಿಸಲಾಯಿತು. ಮುಂದೆ ಹೇಳುವ ಅಂಕಿಗಳು ಅದರವು.

ಮೊದಲನೆಯದು ಕಣ್ಣು ಮೂಗುಗಳ ಪರೀಕ್ಷೆ. ನೀರನ್ನು ಬಿಳಿಯ ಗಾಜಿನ ಲೋಟದಲ್ಲಿ ತುಂಬಿ, ಬೆಳಕಿಗೆ ಹಿಡಿದು, ಹಿಂದೆ ಒಂದು ಬಿಳಿಯ ಕಾಗದವನ್ನಿಟ್ಟು ನೋಡಬೇಕು. ಕದಡಿದೆಯೇ, ಬಣ್ಣವಿದೆಯೇ, ನಾರುತ್ತದೆಯೇ ಎಂದು ಗಮನಿಸಬೇಕು. ಕದಡಿದ ನೀರು ನೋಡಲು ಅಸಹ್ಯವೆಂಬುದಷ್ಟೇ ಅಲ್ಲ. ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್ನಿನಿಂದ ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಕದಡಿದ ನೀರನ್ನು ತಪ್ಪಾಗಿದೆಯೆಂದೇ ತಿಳಿಯಬೇಕು. ಆದರೆ ತಿಳಿಯಾದ ನೀರನ್ನು ಸರಿಯಾಗಿದೆಯೆಂದು ತೀರ್ಮಾನಿಸಲಾಗದು.

ಎರಡನೆಯದು ಕ್ಲೋರಿನ್ ಪರೀಕ್ಷೆ. ಮನೆಮಂದಿಯೂ ಮಾಡಬಹುದಾದ ಪರೀಕ್ಷೆಗಳಲ್ಲಿ ಇದೇ ಅತ್ಯಂತ ಉಪಯುಕ್ತವಾದುದು. ಚಿಕ್ಕ ಗಾಜಿನ ನಳಿಗೆಯಲ್ಲಿ ನೀರನ್ನು ತುಂಬಿ, ಗೊತ್ತಾದ ಮದ್ದನ್ನು ಹಾಕಿದರೆ ಬಣ್ಣ ಬರುತ್ತದೆ. ಡಿ.ಪಿ.ಡಿ. ಎಂಬ ಮಾತ್ರೆಯಿಂದ ಗುಲಾಬಿ ಬಣ್ಣ. ಹಳೆಯ ಆರ್ಥೊಟಾಲಿಡಿನ್ ದ್ರಾವಣದಿಂದ ಹಳದಿ ಬಣ್ಣ. ಈ ಎರಡನೆಯ ಮದ್ದು ವಿಷಕರವಾದ ಕಾರಣ ಮಕ್ಕಳು ಅದನ್ನು ಮುಟ್ಟಬಾರದು. ಬಣ್ಣವು ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಜೊತೆಗೆ ಕೊಟ್ಟ ಬಣ್ಣದ ಪಟ್ಟಿಯೊಡನೆ ಹೋಲಿಸಿ ಅಳತೆಯನ್ನು ಹೇಳಬಹುದು. ನಲ್ಲಿಯ ಬಳಿಯಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಉಳಿಕೆಯ ಕ್ಲೋರಿನ್ ಇರಬೇಕು. ಬಣ್ಣವೇ ಬಾರದಿದ್ದರೆ ನೀರು ಕೆಟ್ಟೇ ಹೋಗಿದೆ ಎಂದು ಅರ್ಥವಲ್ಲ. ಅದರ ಅಂಗರಕ್ಷಕನು ಇಲ್ಲವೆಂದು ಅರ್ಥ. ದಾರಿಯಲ್ಲಿ ಯಾವುದೋ ಕೊಳೆಯೊಡನೆ ಹೋರಾಡಿ ಅವನು ಮುಗಿದುಹೋಗಿರಬಹುದು; ಅಥವಾ ಟಾಂಕಿಯಲ್ಲಿ ನೀರು ಬಹಳ ಹೊತ್ತು ನಿಂತಿದ್ದರಿಂದ ಆರಿಹೋಗಿರಬಹುದು. ಯಾವುದೆಂದು ತಿಳಿಯುವವರೆಗೆ ಆ ನೀರನ್ನು ಕುದಿಸಿಯೇ ಕುಡಿಯಬೇಕು.

ಮೂರನೆಯದು ಮಲದ ಕಲ್ಮಷವನ್ನು ಪತ್ತೆಹಚ್ಚುವ ಪರೀಕ್ಷೆ. ನೀರಿನಿಂದ ಬರುವ ರೋಗಗಳ ಅಣುಗಳು ನೂರಾರು ಬಗೆಯವು. ಒಂದೊಂದನ್ನೂ ಹುಡುಕುವುದು ಅಸಾಧ್ಯ. ಆದರೆ ಅವುಗಳಲ್ಲಿ ಹೆಚ್ಚಿನವು ಮನುಷ್ಯರ ಅಥವಾ ಪ್ರಾಣಿಗಳ ಮಲದಿಂದಲೇ ನೀರಿಗೆ ಬರುತ್ತವೆ. ಆದ್ದರಿಂದ ಮಲದಲ್ಲಿ ಯಾವಾಗಲೂ ಹೇರಳವಾಗಿರುವ ಒಂದು ಬ್ಯಾಕ್ಟೀರಿಯವನ್ನು ಹುಡುಕಿದರೆ ಸಾಕು. ೧೮೮೫ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ವೈದ್ಯರು ಕಂಡುಹಿಡಿದ ಆ ಬ್ಯಾಕ್ಟೀರಿಯಕ್ಕೆ ಅವರದೇ ಹೆಸರು ಬಂದಿದೆ, ಚಿಕ್ಕದಾಗಿ ‘ಇ. ಕೋಲೈ’ ಎನ್ನುತ್ತಾರೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ ಇದನ್ನು ಕಂಡು ಮಲದ ಸಂಪರ್ಕವನ್ನು ಊಹಿಸುತ್ತಾರೆ. ೧೦೦ ಮಿಲಿಲೀಟರ್ ನೀರಿನಲ್ಲಿ ಇದು ಒಂದೂ ಕಾಣಬಾರದೆಂದು ಮಾನದಂಡ ಹೇಳುತ್ತದೆ.

ಇದಕ್ಕೆ ಪ್ರಯೋಗಶಾಲೆ ಬೇಕು. ಆದರೆ ಹಳ್ಳಿಗಾಡಿನಲ್ಲಿಯೂ ನಡೆಸಬಹುದಾದ ಒಂದು ಸುಲಭ ಉಪಾಯವನ್ನು ಗ್ವಾಲಿಯರಿನ ನಮ್ಮ ವಿಜ್ಞಾನಿಗಳೇ ಕಂಡುಹಿಡಿದು ೧೯೮೨ರಲ್ಲಿ ಪ್ರಕಟಿಸಿದರು. ಇದಕ್ಕೆ ಜಲಜನಕ ಸಲ್ಫೈಡಿನ ಪರೀಕ್ಷೆಯೆಂದು ಹೆಸರು. ಚಿಕ್ಕ ಸೀಸೆಯೊಳಗೆ ಗಂಧಕದ ಮತ್ತು ಕಬ್ಬಿಣದ ಲವಣಗಳನ್ನು ಹೀರಿದ ಕಾಗದವಿರುತ್ತದೆ. ಗುರುತಿನವರೆಗೆ ನೀರನ್ನು ತುಂಬಿ, ಮುಚ್ಚಿ, ಬೆಚ್ಚಗಿನ ಸ್ಥಳದಲ್ಲಿ ಒಂದೆರಡು ದಿನ ಇಡಬೇಕು. ಮಲಸಂಬಂಧವಾದ ಬ್ಯಾಕ್ಟೀರಿಯಗಳಲ್ಲಿ ಕೆಲವು ಗಂಧಕದ ಲವಣದಿಂದ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಹುಟ್ಟಿಸುತ್ತವೆ. ಆ ಅನಿಲ ಕಬ್ಬಿಣದೊಡನೆ ಕೂಡಿ ಕಪ್ಪಾಗುತ್ತದೆ. ನೀರು ಕಪ್ಪಾದರೆ ಕುಡಿಯಲು ಯೋಗ್ಯವಲ್ಲವೆಂದು ಎಣಿಸಿ, ಪ್ರಯೋಗಶಾಲೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಕೆಲವು ಬಾವಿಗಳ ನೀರಿನಲ್ಲಿ ಬೇರೆ ಕಾರಣದಿಂದಲೂ ಕಪ್ಪುಬಣ್ಣ ಬರುವುದುಂಟು. ಪರೀಕ್ಷೆ ಮುಗಿದ ಸೀಸೆಯಲ್ಲಿ ರೋಗಾಣುಗಳು ಬೆಳೆದಿರುತ್ತವೆಯಾದ್ದರಿಂದ ಬ್ಲೀಚಿಂಗ್ ಪುಡಿಯನ್ನು ಹಾಕಿ, ಹಿರಿಯರ ಕೈಯಿಂದಲೇ ಅದನ್ನು ವಿಲೇವಾರಿ ಮಾಡಿಸತಕ್ಕದ್ದು.

ನಾಲ್ಕನೆಯದು ಕರಗಿದ ಲವಣಗಳ ಅಳತೆ. ಲೇಖನಿಯಷ್ಟು ಉದ್ದದ ಟಿ.ಡಿ.ಎಸ್. ಮೀಟರು ಈಗ ಎಲ್ಲೆಡೆಯೂ ದೊರೆಯುತ್ತದೆ. ಅದು ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂಬುದನ್ನು ಅಳೆದು, ಅದರಿಂದ ಕರಗಿದ ಲವಣಗಳ ಮೊತ್ತವನ್ನು ಅಂದಾಜುಮಾಡುತ್ತದೆ. ಲೀಟರಿಗೆ ೫೦೦ ಮಿಲಿಗ್ರಾಂವರೆಗೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ ೨,೦೦೦ದವರೆಗೆ ಸಹಿಸಬಹುದು. ಕೊಳವೆಬಾವಿಯ ನೀರಿಗೆ ಇದು ಒಳ್ಳೆಯ ಸಾಧನ. ಆದರೆ ಇದರ ಮೇಲೆ ಜನರಿಗೆ ಇರುವ ವಿಶ್ವಾಸ ಇದರ ಯೋಗ್ಯತೆಗೆ ಮೀರಿದ್ದು. ಒಂದು ಲೆಕ್ಕಮಾಡಿ ನೋಡೋಣ. ಒಂದು ಬ್ಯಾಕ್ಟೀರಿಯದ ತೂಕ ಸುಮಾರು ಒಂದು ಗ್ರಾಮಿನ ಲಕ್ಷಕೋಟಿಯಲ್ಲಿ ಒಂದು ಪಾಲು. ಒಂದು ಲೀಟರಿನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಗಳಿದ್ದರೂ ಒಟ್ಟು ತೂಕ ಒಂದು ಮಿಲಿಗ್ರಾಮಿನ ಸಾವಿರದಲ್ಲಿ ಒಂದು ಪಾಲಷ್ಟೆ! ಮೀಟರಿನ ಅಂಕಿ ಕದಲುವುದೇ ಇಲ್ಲ. ಆರ್ಸೆನಿಕ್ಕಿನ ಮಿತಿ ಲೀಟರಿಗೆ ೦.೦೧ ಮಿಲಿಗ್ರಾಂ, ಅದು ಹತ್ತುಪಟ್ಟು ಮೀರಿದ್ದರೂ ಮೀಟರಿಗೆ ಗೊತ್ತಾಗದು. ಸಹ್ಯಾದ್ರಿಯ ಮಳೆನೀರಿನಲ್ಲಿ ಲವಣಗಳು ಸ್ವಭಾವತಃ ಕಡಮೆ. ಆದ್ದರಿಂದ ನಮ್ಮ ನಲ್ಲಿಯ ನೀರನ್ನು ಈ ಮೀಟರಿನಿಂದ ಅಳೆದು ‘ಉತ್ತಮ’ ಎನ್ನುವುದು, ರೋಗಿಯ ಎತ್ತರವನ್ನು ಅಳೆದು ಜ್ವರವಿಲ್ಲವೆಂದು ಹೇಳಿದಂತೆ.

ಐದನೆಯದು ಫ್ಲೋರೈಡು, ನೈಟ್ರೇಟು, ಆರ್ಸೆನಿಕ್‌ಗಳ ಪರೀಕ್ಷೆ. ಇದು ನಮ್ಮ ಊರುಗಳ ಕಡೆಗೆ ಬಹಳ ಮುಖ್ಯವಾದುದು. ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ ಮುಂತಾದ ತಾಲ್ಲೂಕುಗಳ ಅಂತರ್ಜಲದಲ್ಲಿ ಬಂಡೆಗಳಿಂದ ಕರಗಿಬಂದ ಫ್ಲೋರೈಡು ಹೆಚ್ಚಾಗಿರುವುದು ಪ್ರಸಿದ್ಧವಾಗಿದೆ. ಲೀಟರಿಗೆ ೧ ಮಿಲಿಗ್ರಾಂ ಇರಬಹುದು, ೧.೫ನ್ನು ಮೀರಬಾರದು. ಮೀರಿದ ನೀರನ್ನು ಬೆಳೆಯುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದುಬಣ್ಣದ ಮಚ್ಚೆಗಳು ಮೂಡುತ್ತವೆ. ವರ್ಷಗಳ ಮೇಲೆ ಎಲುಬು ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ನೈಟ್ರೇಟಿನ ಮಿತಿ ೪೫ ಮಿಲಿಗ್ರಾಂ. ಅದು ಮೀರಿದರೆ ಹಸುಗೂಸುಗಳ ರಕ್ತವು ಪ್ರಾಣವಾಯುವನ್ನು ಸಾಗಿಸಲಾರದೆ ಮೈ ನೀಲಿಗಟ್ಟುತ್ತದೆ. ಈ ಕಲ್ಮಷಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ರಜೆಯಲ್ಲಿ ಊರಿಗೆ ಹೋದಾಗ, ಮನೆಯ ಕೊಳವೆಬಾವಿಯ ನೀರನ್ನು ಎಂದಾದರೂ ಪರೀಕ್ಷಿಸಿದ್ದುಂಟೇ ಎಂದು ಹಿರಿಯರನ್ನು ವಿನಯದಿಂದ ಕೇಳಬೇಕು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಪರೀಕ್ಷೆಯ ಪೆಟ್ಟಿಗೆಯನ್ನು ಕೊಟ್ಟು ತರಬೇತುಮಾಡುವ ಏರ್ಪಾಡಿದೆ; ಗ್ರಾಮಪಂಚಾಯತಿಯಲ್ಲಿ ವಿಚಾರಿಸಬಹುದು.

ಒಂದು ಕಣ್ಕಟ್ಟು

ಇಲ್ಲಿ ಎಚ್ಚರದ ಒಂದು ಮಾತು. ನೀರು ಶುದ್ಧಿಮಾಡುವ ಯಂತ್ರಗಳನ್ನು ಮಾರುವ ಕೆಲವರು ಮನೆಗೆ ಬಂದು ಒಂದು ‘ಪರೀಕ್ಷೆ’ಯನ್ನು ತೋರಿಸುತ್ತಾರೆ. ಎರಡು ಲೋಟಗಳು: ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಯಂತ್ರದ ನೀರು. ಎರಡರಲ್ಲಿಯೂ ಲೋಹದ ಸಲಾಕೆಗಳನ್ನು ಇಳಿಸಿ ವಿದ್ಯುತ್ತನ್ನು ಹಾಯಿಸುತ್ತಾರೆ. ನೋಡುನೋಡುತ್ತಿದ್ದಂತೆ ನಲ್ಲಿಯ ನೀರು ಕಂದಾಗಿ, ಹಸುರಾಗಿ, ಕೊಳಕು ಗಸಿಯಿಂದ ತುಂಬುತ್ತದೆ; ಯಂತ್ರದ ನೀರು ಹಾಗೆಯೇ ಇರುತ್ತದೆ. ‘ಇದನ್ನೇ ನಿಮ್ಮ ಮಕ್ಕಳು ಕುಡಿಯುತ್ತಿದ್ದಾರೆ’ ಎಂದಾಗ ಯಾವ ತಾಯಿಯ ಎದೆ ಝಲ್ಲೆನ್ನದು?

ಆದರೆ ಆ ಗಸಿ ನೀರಿನದಲ್ಲ, ಸಲಾಕೆಯದು! ವಿದ್ಯುತ್ತು ಹರಿದಾಗ ಕಬ್ಬಿಣದ ಸಲಾಕೆಯೇ ಕರಗಿ ತುಕ್ಕಾಗಿ ನೀರಿನಲ್ಲಿ ತೇಲುತ್ತದೆ. ನಲ್ಲಿಯ ನೀರಿನಲ್ಲಿ ಲವಣಗಳಿರುವುದರಿಂದ ವಿದ್ಯುತ್ತು ಹರಿಯುತ್ತದೆ. ಯಂತ್ರವು ಲವಣಗಳನ್ನು ತೆಗೆದಿರುವುದರಿಂದ ಅದರ ನೀರಿನಲ್ಲಿ ವಿದ್ಯುತ್ತು ಅಷ್ಟಾಗಿ ಹರಿಯದು. ಯಂತ್ರದ ನೀರಿಗೆ ಒಂದು ಚಿಟಿಕೆ ಅಡಿಗೆಯ ಉಪ್ಪನ್ನು ಹಾಕಿ ಅದೇ ಆಟವನ್ನು ಆಡಿಸಿದರೆ ಅದೂ ಕಂದಾಗುವುದು. ಇದನ್ನು ಯಾರೂ ಮನೆಯಲ್ಲಿ ಪ್ರಯೋಗಿಸಬಾರದು; ಮನೆಯ ವಿದ್ಯುತ್ತು ಪ್ರಾಣಾಪಾಯಕರವಾದುದು. ಆದರೆ ಆ ಪ್ರದರ್ಶನವನ್ನು ಕಂಡಾಗ ಪ್ರಶ್ನೆ ಕೇಳುವಷ್ಟು ವಿಜ್ಞಾನವು ನಮ್ಮ ವಿದ್ಯಾರ್ಥಿಗಳಲ್ಲಿರಬೇಕು.

ಮಾದರಿಯನ್ನು ತೆಗೆಯುವ ಕ್ರಮ

ಪ್ರಯೋಗಶಾಲೆಯ ಫಲಿತಾಂಶವು ಮಾದರಿಯನ್ನು ತೆಗೆದ ಕೈಯನ್ನು ಅವಲಂಬಿಸಿದೆ. ರೋಗಾಣುಗಳ ಪರೀಕ್ಷೆಗೆ ಪ್ರಯೋಗಶಾಲೆಯವರೇ ಕೊಡುವ ಶುದ್ಧ ಸೀಸೆಯನ್ನು ಬಳಸಬೇಕು. ಅದರೊಳಗೆ ಕ್ಲೋರಿನ್ನನ್ನು ಅಡಗಿಸುವ ಒಂದು ಲವಣವಿರುತ್ತದೆಯಾದ್ದರಿಂದ ಸೀಸೆಯನ್ನು ತೊಳೆಯಬಾರದು. ನಲ್ಲಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿ, ಬಾಯನ್ನು ಚೆನ್ನಾಗಿ ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಟ್ಟು, ಬಳಿಕ ಸೀಸೆಯ ಬಾಯಿಗೆ ಬೆರಳು ತಾಗದಂತೆ ತುಂಬಬೇಕು. ಮೇಲೆ ಸ್ವಲ್ಪ ಗಾಳಿಗೆ ಎಡೆಬಿಟ್ಟು ಮುಚ್ಚಿ, ಮಂಜುಗೆಡ್ಡೆಯ ನಡುವೆ ಇ‌ಟ್ಟು, ಸಾಧ್ಯವಾದರೆ ಆರು ಗಂಟೆಗಳೊಳಗೆ ತಲುಪಿಸಬೇಕು. ರಾಸಾಯನಿಕ ಪರೀಕ್ಷೆಗಾದರೆ ಒಂದೆರಡು ಲೀಟರಿನ ಶುಭ್ರವಾದ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಿದರೆ ಸಾಕು. ಸ್ಥಳ, ದಿನ, ವೇಳೆಗಳನ್ನು ಚೀಟಿಯಲ್ಲಿ ಬರೆದು ಅಂಟಿಸಬೇಕು.

ಒಂದೇ ಮಾದರಿಯಿಂದ ತೃಪ್ತರಾಗಬಾರದು. ಕಟ್ಟಡದ ಒಳಕ್ಕೆ ನೀರು ಬರುವ ಸ್ಥಳದಿಂದ ಒಂದು, ಮೇಲಿನ ಟಾಂಕಿಯಿಂದ ಇಳಿದ ನಲ್ಲಿಯಿಂದ ಒಂದು, ಮನೆಯ ಕೊಡದಿಂದ ಒಂದು, ಹೀಗೆ ಮೂರನ್ನು ತೆಗೆಯಬೇಕು. ಮೊದಲನೆಯದೇ ಕೆಟ್ಟಿದ್ದರೆ ದೋಷ ಬೀದಿಯ ಕೊಳವೆಯಲ್ಲಿ. ಅದು ಚೆನ್ನಾಗಿದ್ದು ಎರಡನೆಯದು ಕೆಟ್ಟಿದ್ದರೆ ದೋಷ ತೊಟ್ಟಿಗಳಲ್ಲಿ. ಎರಡೂ ಚೆನ್ನಾಗಿದ್ದು ಮೂರನೆಯದು ಕೆಟ್ಟಿದ್ದರೆ ದೋಷ ನಮ್ಮ ಕೈಯಲ್ಲಿ. ಕ್ಲೋರಿನ್ ಪರೀಕ್ಷೆಯನ್ನೂ ಇದೇ ಮೂರು ಕಡೆಗಳಲ್ಲಿ ಮಾಡಿದರೆ, ಅಂಗರಕ್ಷಕನು ಎಲ್ಲಿ ಕಾಣೆಯಾದನೆಂಬುದು ಹತ್ತು ನಿಮಿಷಗಳಲ್ಲಿ ಗೊತ್ತಾಗುವುದು.

ಪರೀಕ್ಷೆಯ ಮೇಲೆ ಮಾಡತಕ್ಕದ್ದು

ರೋಗಾಣುಗಳ ಸಂಶಯವಿದ್ದರೆ ನೀರನ್ನು ಕುದಿಸಬೇಕು. ಬೆಚ್ಚಗೆ ಮಾಡಿದರೆ ಸಾಲದು. ಕೊತಕೊತನೆ ಕುದಿಬಂದ ಮೇಲೆ ಒಂದು ನಿಮಿಷವಾದರೂ ಕುದಿಯಬೇಕು. ಬಳಿಕ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಬೇಕು. ಕುದಿಸಿದ ನೀರನ್ನು ತೊಳೆಯದ ಕೊಡಕ್ಕೆ ಸುರಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಕೊಡಕ್ಕೆ ಚಿಕ್ಕ ನಲ್ಲಿಯನ್ನು ಹಾಕಿಸುವುದೋ, ಉದ್ದ ಹಿಡಿಯ ಸೌಟನ್ನು ಬಳಸುವುದೋ ಉತ್ತಮ. ಆದರೆ ಫ್ಲೋರೈಡು, ಆರ್ಸೆನಿಕ್, ನೈಟ್ರೇಟುಗಳು ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾಗಿ ಅವು ಇನ್ನಷ್ಟು ಸಾಂದ್ರವಾಗುತ್ತವೆ. ಅಂತಹ ನೀರಿಗೆ ತಕ್ಕ ಶುದ್ಧೀಕರಣ ಯಂತ್ರವೋ ಬೇರೆ ನೀರಿನ ಮೂಲವೋ ಬೇಕು. ಯಾವ ಮದ್ದು ಯಾವ ರೋಗಕ್ಕೆಂಬುದು ಪರೀಕ್ಷೆಯಿಲ್ಲದೆ ತಿಳಿಯಲಾರದು.

ಯಂತ್ರವನ್ನು ಕೊಂಡ ಮನೆಯವರು ‘ನಮಗೇನೂ ಭಯವಿಲ್ಲ’ ಎಂದು ನಿಶ್ಚಿಂತರಾಗುವುದುಂಟು. ಆದರೆ ಅದೇ ಕಟ್ಟಡದ ಕಾವಲುಗಾರನು ಕೆಳಗಿನ ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಾನೆ. ಪಾತ್ರೆ ತೊಳೆಯುವ ಹೆಂಗಸು, ಅಂಗಳದಲ್ಲಿ ಆಡುವ ಹುಡುಗರು, ಚಹದ ಅಂಗಡಿಯವನು, ಎಲ್ಲರೂ ಕುಡಿಯುವುದು ಅದೇ ಟಾಂಕಿಯ ನೀರು. ಒಂದು ಯಂತ್ರವು ಒಂದು ಮನೆಯನ್ನು ಕಾಯುತ್ತದೆ. ಟಾಂಕಿಯ ಬಳಿ ಮಾಡಿದ ಒಂದು ಪರೀಕ್ಷೆಯು ಇಡೀ ಚಾಳನ್ನು ಕಾಯುತ್ತದೆ. ಬ್ರಾಡ್ ಸ್ಟ್ರೀಟಿನಲ್ಲಿ ಸ್ನೋ ಅವರು ಮನೆಮನೆಗೂ ಔಷಧಿಯನ್ನು ಹಂಚಲಿಲ್ಲ. ಎಲ್ಲರೂ ನೀರು ತರುವ ಪಂಪಿನ ಬಳಿಗೆ ಹೋದರು.

ಆದ್ದರಿಂದ ವಿದ್ಯಾರ್ಥಿಗಳು ತಮ್ಮ ಸೊಸೈಟಿಯಲ್ಲಿಯೋ ಚಾಳಿನಲ್ಲಿಯೋ ಹಿರಿಯರನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು. ನಮ್ಮ ತೊಟ್ಟಿಗಳನ್ನು ಕಡೆಯ ಸಲ ತೊಳೆದದ್ದು ಯಾವಾಗ? ಅವುಗಳ ಮುಚ್ಚಳಗಳು ಭದ್ರವಾಗಿವೆಯೇ? ಮಳೆಗಾಲಕ್ಕೆ ಮೊದಲೊಮ್ಮೆ, ಮಳೆಗಾಲದ ನಡುವೆ ಒಮ್ಮೆ ನೀರನ್ನು ಪರೀಕ್ಷೆಗೆ ಕಳುಹಿಸುವ ಪದ್ಧತಿ ಇದೆಯೇ? ನೀರು ನಾರಿದರೆ, ಕದಡಿದರೆ, ಒಂದೇ ಓಣಿಯಲ್ಲಿ ನಾಲ್ಕಾರು ಜನರಿಗೆ ವಾಂತಿಭೇದಿಯಾದರೆ, ಆ ದಿನವೇ ಮಹಾನಗರಪಾಲಿಕೆಯ ವಾರ್ಡಿನ ಕಚೇರಿಗೆ ಬರೆಹದಲ್ಲಿ ದೂರುಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಅರ್ಜಿಯನ್ನು ಬರೆಯಬಲ್ಲವರು ಶಾಲೆಗೆ ಹೋಗುವ ಮಕ್ಕಳೇ ಆಗಿರುತ್ತಾರೆ. ಶಾಲೆಯಲ್ಲಿ ಕಲಿತ ಅಕ್ಷರವೂ ವಿಜ್ಞಾನವೂ ನೆರೆಹೊರೆಯವರ ಕುಡಿಯುವ ನೀರಿಗೆ ಕಾವಲಾದರೆ, ಬರುವ ಮಳೆಗಾಲದ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಕಡಮೆಯಾಗುವುವು.